ಹೊರಗಿನ ದೊಡ್ಡವರ ಬೆಂಬಲದಿಂದ ಪ್ರೈಮರಿಯಲ್ಲಿ ನಿಜಕ್ಕೂ ಮತ ಬೀಳುತ್ತದೆಯೇ?

ಎಡಿಸನ್ ಕಟ್ಟೆ (ಚರ್ಚೆ ಆರಂಭಿಸಿದವರು)

ಅಮೆರಿಕದಲ್ಲಿ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಹತ್ತಿರ ಬಂದಾಗಲೆಲ್ಲ ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ರಾಗ. ‘ಟ್ರಂಪ್ ಬೆಂಬಲ ಘೋಷಿಸಿದರು, ಇನ್ನೇನು ಮುಗಿಯಿತು’ ಎಂದು ಒಬ್ಬರು. ‘ಸೆನೆಟರ್ ಬರ್ನಿ ಸ್ಯಾಂಡರ್ಸ್ ಬಂದು ಭಾಷಣ ಮಾಡಿ ಹೋದರು, ಗೆದ್ದ ಹಾಗೆಯೇ’ ಎಂದು ಇನ್ನೊಬ್ಬರು. ಇದನ್ನು ನಾನು ಒಪ್ಪುವುದಿಲ್ಲ. ಹೊರಗಿನವರ ಮಾತಿಗೆ ಬೆಲೆ ಬರುವುದು ಮತದಾರರಿಗೆ ಅಭ್ಯರ್ಥಿಗಳ ಗುರುತು ಪರಿಚಯ ಇಲ್ಲದ ಕಡೆ. ಗಂಡು ನೋಡುವಾಗ ನಡೆಯುವುದೂ ಇದೇ ತಾನೇ? ದೂರದ ಊರಿನ ಹುಡುಗನಾದರೆ ‘ಆ ಮನೆಯವರು ನಮಗೆ ಗೊತ್ತು, ಒಳ್ಳೆಯ ಜನ’ ಎಂದು ಯಾರಾದರೂ ಹೇಳಬೇಕು. ಪಕ್ಕದ ಬೀದಿಯವನಾದರೆ ಯಾರ ಶಿಫಾರಸೂ ಬೇಕಾಗಿಲ್ಲ. ಬಂದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

2022ರ ಮೇ ತಿಂಗಳೊಂದನ್ನೇ ನೋಡಿ. ಒಹಾಯೊದ ರಿಪಬ್ಲಿಕನ್ ಸೆನೆಟ್ ಪ್ರೈಮರಿಯಲ್ಲಿ ಜೆ.ಡಿ. ವಾನ್ಸ್ ಸಮೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. 2016ರಲ್ಲಿ ಟ್ರಂಪ್ ಅವರನ್ನು ಕಟುವಾಗಿ ಟೀಕಿಸಿದವರು ಬೇರೆ. ಏಪ್ರಿಲ್ 15ರಂದು ಟ್ರಂಪ್ ಬೆಂಬಲ ಘೋಷಿಸಿದರು. ಮೇ 3ರಂದು ವಾನ್ಸ್ ಗೆದ್ದರು. ಗೆದ್ದದ್ದು ಶೇ 32ರಷ್ಟು ಮತದಿಂದ. ಉಳಿದದ್ದು ಜೋಶ್ ಮ್ಯಾಂಡಲ್, ಮ್ಯಾಟ್ ಡೋಲನ್ ಮೊದಲಾದವರಲ್ಲಿ ಹಂಚಿಹೋಯಿತು. ಅದೇ ತಿಂಗಳ 24ರಂದು ಜಾರ್ಜಿಯಾದಲ್ಲಿ ಹಾಲಿ ಗವರ್ನರ್ ಬ್ರಯನ್ ಕೆಂಪ್ ಅವರ ವಿರುದ್ಧ ಟ್ರಂಪ್ ಎತ್ತಿಕಟ್ಟಿದ್ದು ಮಾಜಿ ಸೆನೆಟರ್ ಡೇವಿಡ್ ಪರ್ಡ್ಯೂ ಅವರನ್ನು. 2020ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ತಿರುಗಿಸಲು ಕೆಂಪ್ ಒಪ್ಪಲಿಲ್ಲ ಎಂಬ ಸಿಟ್ಟು. ಕೆಂಪ್ ಅವರಿಗೆ ಶೇ 73ಕ್ಕೂ ಹೆಚ್ಚು, ಪರ್ಡ್ಯೂ ಅವರಿಗೆ ಶೇ 22ರಷ್ಟು ಮತ ಬಿತ್ತು. ಬೆಂಬಲ ಕೊಟ್ಟವರೂ ಒಬ್ಬರೇ, ಪಕ್ಷವೂ ಒಂದೇ, ನಡುವೆ ಇದ್ದದ್ದು ಮೂರು ವಾರ.

ಒಹಾಯೊದಲ್ಲಿ ಮತದಾರರಿಗೆ ಐದಾರು ಮುಖಗಳಲ್ಲಿ ಒಂದನ್ನು ಆರಿಸಿಕೊಳ್ಳಲು ನೆಪ ಬೇಕಿತ್ತು, ಸಿಕ್ಕಿತು. ಜಾರ್ಜಿಯಾದ ರಿಪಬ್ಲಿಕನ್ನರಿಗೆ ಕೆಂಪ್ ಯಾರು, ಏನು ಮಾಡಿದ್ದಾರೆ ಎಂಬುದು ನಾಲ್ಕು ವರ್ಷದಿಂದ ಗೊತ್ತಿತ್ತು. ನಿಮ್ಮ ನಿಮ್ಮ ರಾಜ್ಯದ ಅನುಭವ ಹೇಳಿ.

ಸೋಮಾರಿ ಮತದಾರ

ಬೆಂಗಳೂರಿನಿಂದ ಓದುತ್ತಿದ್ದೇನೆ. ಹೈಕಮಾಂಡ್ ಎನ್ನುವುದು ಅಲ್ಲಿ ಇಲ್ಲವೇ? ಬಿ ಫಾರಂ ಕೊಡುವವರು ಯಾರು?

ಎಡಿಸನ್ ಕಟ್ಟೆ

ಮತದಾರರೇ ಕೊಡುತ್ತಾರೆ ಎಂದುಕೊಳ್ಳಿ. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದಕ್ಕೇ ಒಂದು ಸರ್ಕಾರಿ ಚುನಾವಣೆ ನಡೆಯುತ್ತದೆ. ಅದರಲ್ಲಿ ಗೆದ್ದವರನ್ನು ಪಕ್ಷದ ಅಧ್ಯಕ್ಷರೂ ಬೇಡ ಎನ್ನಲಾರರು. ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಲ್ಲಿ ಆಯಾ ಪಕ್ಷಕ್ಕೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಅವಕಾಶ. ವರ್ಜೀನಿಯಾ, ಮಿಷಿಗನ್‌ನಂಥ ಕಡೆ ಯಾರು ಬೇಕಾದರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ಹಾಗಾಗಿ ಪಕ್ಷಕ್ಕೆ ಬೇಡವಾದವರು ಪಕ್ಷದ ಚಿಹ್ನೆಯ ಮೇಲೆಯೇ ನುಗ್ಗಿ ಬರುವ ದಾರಿ ಇಲ್ಲಿ ಸದಾ ತೆರೆದಿರುತ್ತದೆ.

ರಿಚ್ಮಂಡ್ ನಿವಾಸಿ

ಕಟ್ಟೆಯವರೇ, ನಮ್ಮ ಊರಿನ ಕಥೆ ಹೇಳುತ್ತೇನೆ. ಅದು ಪೂರ್ತಿ ನಿಮ್ಮ ಪರವಾಗಿಯೂ ಇಲ್ಲ.

2014ರ ಜೂನ್ 10, ವರ್ಜೀನಿಯಾದ 7ನೇ ಕ್ಷೇತ್ರ. ರಿಪಬ್ಲಿಕನ್ ಪಕ್ಷದ ಎರಿಕ್ ಕ್ಯಾಂಟರ್ ಪ್ರತಿನಿಧಿ ಸಭೆಯ ಬಹುಮತ ಪಕ್ಷದ ನಾಯಕರಾಗಿದ್ದರು. ಮುಂದಿನ ಸ್ಪೀಕರ್ ಎಂದೇ ಎಲ್ಲರ ಲೆಕ್ಕಾಚಾರ. ಎದುರಿಗೆ ನಿಂತವರು ಡೇವ್ ಬ್ರ್ಯಾಟ್, ಹತ್ತಿರದ ರ‍್ಯಾಂಡಾಲ್ಫ್-ಮೇಕನ್ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟರು. ಕ್ಯಾಂಟರ್ ಖರ್ಚು ಮಾಡಿದ್ದು 50 ಲಕ್ಷ ಡಾಲರಿಗೂ ಹೆಚ್ಚು. ಬ್ರ್ಯಾಟ್ ಅವರದು ಸುಮಾರು 2 ಲಕ್ಷ. ಕ್ಯಾಂಟರ್ ಪ್ರಚಾರ ಸಮಿತಿ ಸ್ಟೇಕ್ ಹೋಟೆಲುಗಳಲ್ಲಿ ಕಟ್ಟಿದ ಬಿಲ್ಲೇ ಸುಮಾರು 1,68,000 ಡಾಲರ್ ಆಗಿತ್ತು ಎಂಬುದು ಆಮೇಲೆ ದೇಶವೆಲ್ಲ ನಕ್ಕ ಲೆಕ್ಕ. ಎದುರಾಳಿಯ ಇಡೀ ಚುನಾವಣೆ ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿದಿತ್ತು.

ಗಮನಿಸಬೇಕಾದದ್ದು ಇಲ್ಲಿದೆ. ಬ್ರ್ಯಾಟ್ ಅವರನ್ನು ‘ಟೀ ಪಾರ್ಟಿ (ರಿಪಬ್ಲಿಕನ್ನರೊಳಗಿನ ಬಲಪಂಥೀಯ ಬಂಡಾಯ ಚಳವಳಿ) ಅಭ್ಯರ್ಥಿ’ ಎಂದು ಮರುದಿನದ ಪತ್ರಿಕೆಗಳೆಲ್ಲ ಕರೆದವು. ಆದರೆ ಆ ಹೆಸರಿನ ರಾಷ್ಟ್ರಮಟ್ಟದ ದೊಡ್ಡ ಸಂಘಟನೆಗಳು ಅವರ ಕಡೆ ತಿರುಗಿಯೂ ನೋಡಿರಲಿಲ್ಲ; ಗೆಲ್ಲದ ಕುದುರೆಯ ಮೇಲೆ ದುಡ್ಡು ಹಾಕುವುದೇಕೆ ಎಂಬ ಲೆಕ್ಕ. ಕೈಹಿಡಿದವರು ಲಾರಾ ಇಂಗ್ರಾಹಂ ಅವರಂಥ ರೇಡಿಯೊ ನಿರೂಪಕರು ಮತ್ತು ಸ್ಥಳೀಯ ಕಾರ್ಯಕರ್ತರು. ಕ್ಯಾಂಟರ್ ಅವರ ಸ್ವಂತ ಸಮೀಕ್ಷೆ 34 ಅಂಶಗಳ ಮುನ್ನಡೆ ತೋರಿಸಿತ್ತು. ಮತದಾನದ ದಿನ ಬೆಳಿಗ್ಗೆ ಅವರು ಇದ್ದದ್ದು ಕ್ಷೇತ್ರದಲ್ಲಲ್ಲ, ವಾಷಿಂಗ್ಟನ್‌ನಲ್ಲಿ. ಸಂಜೆಯ ಹೊತ್ತಿಗೆ ಬ್ರ್ಯಾಟ್ ಅವರಿಗೆ ಶೇ 55ಕ್ಕೂ ಹೆಚ್ಚು ಮತ. ಸಭೆಯ ಬಹುಮತ ನಾಯಕರೊಬ್ಬರು ಪ್ರೈಮರಿಯಲ್ಲೇ ಸೋತದ್ದು ಅದೇ ಮೊದಲು.

ನೀವು ಹೇಳುವಂತೆ ಪರಿಚಯವೇ ಮುಖ್ಯವಾಗಿದ್ದರೆ ಹದಿಮೂರು ವರ್ಷ ಸಂಸದರಾಗಿದ್ದ ಕ್ಯಾಂಟರ್ ಗೆಲ್ಲಬೇಕಿತ್ತಲ್ಲವೇ?

ಎಡಿಸನ್ ಕಟ್ಟೆ

ಪರಿಚಯ ಇತ್ತು, ಅದಕ್ಕೇ ಸೋತರು! ಊರಿಗೆ ಬಾರದವರು ಎಂಬ ಪರಿಚಯ.

ರಿಚ್ಮಂಡ್ ನಿವಾಸಿ

ಇದು ಜಾಣತನದ ಉತ್ತರ. ಗೆದ್ದರೂ ಪರಿಚಯ, ಸೋತರೂ ಪರಿಚಯ ಎಂದರೆ ನಿಮ್ಮ ಸಿದ್ಧಾಂತವನ್ನು ಯಾರೂ ಸುಳ್ಳು ಮಾಡಲಾಗದು.

ಅಂಕಿ ಶೆಟ್ಟಿ

ಇಬ್ಬರೂ ಮತದಾರರ ಸಂಖ್ಯೆಯನ್ನು ಮರೆತಿದ್ದೀರಿ. ಕ್ಯಾಂಟರ್ ಸೋತ ದಿನ ಮತ ಹಾಕಿದವರು ಸುಮಾರು 65,000. ಕ್ಷೇತ್ರದ ಜನಸಂಖ್ಯೆ 7 ಲಕ್ಷದ ಮೇಲೆ.

ಇನ್ನೂ ಚೆನ್ನಾದ ಉದಾಹರಣೆ ಡೆಲವೇರ್, 2010. ಜೋ ಬೈಡನ್ ಉಪಾಧ್ಯಕ್ಷರಾಗಿ ಹೋದ ಮೇಲೆ ತೆರವಾದ ಸೆನೆಟ್ ಸ್ಥಾನ. ರಿಪಬ್ಲಿಕನ್ ಪಕ್ಷದ ಮೈಕ್ ಕ್ಯಾಸಲ್ ಮಾಜಿ ಗವರ್ನರ್, ಒಂಬತ್ತು ಅವಧಿಯ ಸಂಸದರು, ರಾಜ್ಯಮಟ್ಟದ ಚುನಾವಣೆಯಲ್ಲಿ ಸೋತೇ ಇರಲಿಲ್ಲ. ಅವರ ವಿರುದ್ಧ ಕ್ರಿಸ್ಟೀನ್ ಒಡಾನೆಲ್ ನಿಂತರು. ಟೀ ಪಾರ್ಟಿ ಎಕ್ಸ್‌ಪ್ರೆಸ್ ಎಂಬ ಕ್ಯಾಲಿಫೋರ್ನಿಯಾ ಮೂಲದ ಗುಂಪು ಜಾಹೀರಾತುಗಳೊಂದಿಗೆ ಬಂದಿಳಿಯಿತು. ಮತದಾನಕ್ಕೆ ಕೆಲವೇ ದಿನ ಇರುವಾಗ ಅಲಾಸ್ಕದ ಮಾಜಿ ಗವರ್ನರ್ ಸಾರಾ ಪೇಲಿನ್ ಬೆಂಬಲ ಘೋಷಿಸಿದರು. ಸೆಪ್ಟೆಂಬರ್ 14ರಂದು ಒಡಾನೆಲ್ ಅವರಿಗೆ ಸುಮಾರು 30,500 ಮತ, ಕ್ಯಾಸಲ್ ಅವರಿಗೆ ಸುಮಾರು 27,000. ಮೂರೂವರೆ ಸಾವಿರ ಜನರ ಅಂತರ.

ಕಟ್ಟೆಯವರ ಲೆಕ್ಕದಲ್ಲಿ ಕ್ಯಾಸಲ್ ಪಕ್ಕದ ಬೀದಿಯ ಹುಡುಗ. ಡೆಲವೇರ್ ಎಂಬ ರಾಜ್ಯವೇ ನಮ್ಮ ಒಂದು ಜಿಲ್ಲೆಯಷ್ಟು. ಅಲ್ಲಿ ಅವರನ್ನು ಕಂಡಿರದ ರಿಪಬ್ಲಿಕನ್ನರು ಕಡಿಮೆ. ಆದರೂ ಸೋತರು. ಏಕೆಂದರೆ ಅಲ್ಲಿನ ಪ್ರೈಮರಿ ನೋಂದಾಯಿತ ರಿಪಬ್ಲಿಕನ್ನರಿಗೆ ಮಾತ್ರ. ಕ್ಯಾಸಲ್ ಅವರನ್ನು ಇಷ್ಟಪಡುತ್ತಿದ್ದ ಡೆಮಾಕ್ರಟರು, ಯಾವ ಪಕ್ಷಕ್ಕೂ ಸೇರದವರು ಹೊರಗೆ ನಿಂತು ನೋಡಬೇಕಾಯಿತು. ನವೆಂಬರ್‌ನಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದಾಗ ಒಡಾನೆಲ್ ಶೇ 40ಕ್ಕೆ ನಿಂತರು, ಡೆಮಾಕ್ರಟ್ ಕ್ರಿಸ್ ಕೂನ್ಸ್ ಶೇ 57ರಷ್ಟು ಪಡೆದು ಸೆನೆಟ್‌ಗೆ ಹೋದರು.

ಸಣ್ಣ ಮತದಾನದಲ್ಲಿ ಹೊರಗಿನ ಬೆಂಬಲ ಹೊಸಬರ ಮನಸ್ಸನ್ನು ಬದಲಾಯಿಸುವುದಿಲ್ಲ; ಮೊದಲೇ ಸಿಟ್ಟಾಗಿರುವವರನ್ನು ಮನೆಯಿಂದ ಎಬ್ಬಿಸಿ ಮತಗಟ್ಟೆಗೆ ಕಳಿಸುತ್ತದೆ. ನನಗೆ ಕಾಣುವುದು ಇಷ್ಟು.

ಕ್ವೀನ್ಸ್ ಗೃಹಿಣಿ

ಅಂಕಿ ಶೆಟ್ಟಿಯವರ ಕೊನೆಯ ಮಾತು ನನಗೆ ಹಿಡಿಸಿತು. ಆದರೆ ಎಲ್ಲರೂ ಕೊನೆಯ ವಾರದ ಬೆಂಬಲದ ಬಗ್ಗೆಯೇ ಬರೆಯುತ್ತಿದ್ದೀರಿ. ಹೊರಗಿನವರ ನಿಜವಾದ ಕೆಲಸ ನಡೆಯುವುದು ಯಾರೂ ನೋಡದ ಹೊತ್ತಿನಲ್ಲಿ.

2018ರ ಜೂನ್ 26ರಂದು ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಅವರು ಜೋ ಕ್ರೌಲಿ ಅವರನ್ನು ಸೋಲಿಸಿದ ಕ್ಷೇತ್ರ ಕ್ವೀನ್ಸ್ ಮತ್ತು ಬ್ರಾಂಕ್ಸ್‌ಗಳಲ್ಲಿ ಹರಡಿದೆ. ಕ್ರೌಲಿ ಹತ್ತು ಅವಧಿಯ ಸಂಸದರು, ಸದನದಲ್ಲಿ ಡೆಮಾಕ್ರಟರ ನಾಲ್ಕನೇ ಸ್ಥಾನದ ನಾಯಕರು, ಜೊತೆಗೆ ಕ್ವೀನ್ಸ್ ಕೌಂಟಿಯ (ನಮ್ಮ ಜಿಲ್ಲೆಯಂತೆ) ಪಕ್ಷಾಧ್ಯಕ್ಷರು. ಅವರು ಆ ಸ್ಥಾನಕ್ಕೆ ಬಂದ ರೀತಿಯೂ ಸ್ವಾರಸ್ಯಕರ: 1998ರಲ್ಲಿ ಹಿಂದಿನ ಸಂಸದ ಥಾಮಸ್ ಮ್ಯಾಂಟನ್ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದು, ಪಕ್ಷದ ಸಮಿತಿಯ ಮೂಲಕ ಕ್ರೌಲಿ ಹೆಸರನ್ನು ಮತಪತ್ರದಲ್ಲಿ ಸೇರಿಸಿದರು. ಸೋಮಾರಿ ಮತದಾರರೇ, ಹೈಕಮಾಂಡ್ ಇಲ್ಲವೇ ಎಂದಿರಲ್ಲ, ಇತ್ತು. 2004ರ ನಂತರ ಅವರಿಗೆ ಪ್ರೈಮರಿಯಲ್ಲಿ ಎದುರಾಳಿಯೇ ಇರಲಿಲ್ಲ.

ಪಕ್ಷದ ಸಂಸದರು, ಕಾರ್ಮಿಕ ಸಂಘಗಳು, ರಾಜ್ಯದ ನಾಯಕರು ಎಲ್ಲರೂ ಕ್ರೌಲಿ ಕಡೆ. ಈಕೆಯ ಹಿಂದೆ ಇದ್ದದ್ದು ಬ್ರ್ಯಾಂಡ್ ನ್ಯೂ ಕಾಂಗ್ರೆಸ್, ಜಸ್ಟಿಸ್ ಡೆಮಾಕ್ರಟ್ಸ್, ಡೆಮಾಕ್ರಟಿಕ್ ಸೋಷಲಿಸ್ಟರ ಸಂಘಟನೆ. ಈ ಗುಂಪುಗಳು ಕೊಟ್ಟದ್ದು ತಲೆಬರಹದ ಬೆಂಬಲವನ್ನಲ್ಲ. ಅಭ್ಯರ್ಥಿಯನ್ನು ಹುಡುಕಿದ್ದೇ ಅವರು. ಆಕೆಯ ಹೆಸರು ಸೂಚಿಸಿದ್ದು ತಮ್ಮ. ನ್ಯೂಯಾರ್ಕ್‌ನಲ್ಲಿ ಸಂಸತ್ತಿನ ಪ್ರೈಮರಿಗೆ ಹೆಸರು ಬರಬೇಕಾದರೆ ಅದೇ ಪಕ್ಷದ, ಅದೇ ಕ್ಷೇತ್ರದ 1,250 ನೋಂದಾಯಿತ ಮತದಾರರ ಸಹಿ ಬೇಕು. ವಿಳಾಸದಲ್ಲಿ ಒಂದಿಷ್ಟು ತಪ್ಪಿದ್ದರೂ ಎದುರು ಪಾಳಯದ ವಕೀಲರು ಅದನ್ನು ಹೊಡೆದು ಹಾಕಿಸುತ್ತಾರೆ. ಹಾಗಾಗಿ ಬೇಕಾದದ್ದಕ್ಕಿಂತ ಎರಡು ಮೂರು ಪಟ್ಟು ಸಹಿ ತಂದಿಡಬೇಕು. ಚಳಿ ಬಿಡದ ಮಾರ್ಚ್‌ನಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ಐದನೇ ಮಹಡಿ ಹತ್ತಿ, ಬಾಗಿಲ ಸರಪಳಿಯ ಸಂದಿಯಿಂದ ಇಣುಕುವವರ ಹತ್ತಿರ ಹೆಸರು, ವಿಳಾಸ ಬರೆಸಿಕೊಳ್ಳುವುದಕ್ಕೆ ಸ್ವಯಂಸೇವಕರು ಬೇಕು. ಹೊಸಬರು ಮುಗ್ಗರಿಸುವುದು ಇಲ್ಲೇ.

ಕ್ರೌಲಿ ಮಾಡಿದ್ದೇನು? ಬ್ರಾಂಕ್ಸ್‌ನಲ್ಲಿ ನಡೆದ ಚರ್ಚೆಗೆ ತಾವು ಬರದೆ ತಮ್ಮ ಪರವಾಗಿ ಮಾಜಿ ನಗರಸಭಾ ಸದಸ್ಯೆ ಅನಾಬೆಲ್ ಪಾಲ್ಮಾ ಅವರನ್ನು ಕಳಿಸಿದರು. ಫಲಿತಾಂಶ ಸುಮಾರು 17,000ಕ್ಕೆ 13,000. ಇಷ್ಟೇ ಮತಗಳಲ್ಲಿ ಸದನದ ನಾಯಕತ್ವದ ಸಾಲು ಬದಲಾಯಿತು.

ಒಂದು ತಮಾಷೆ: ಕ್ಯಾಲಿಫೋರ್ನಿಯಾದ ಸಂಸದ ರೋ ಖನ್ನಾ ಮೊದಲು ಕ್ರೌಲಿಗೆ ಬೆಂಬಲ ಘೋಷಿಸಿದ್ದರು. ಟೀಕೆ ಬಂದ ಮೇಲೆ ಒಕಾಸಿಯೊ-ಕಾರ್ಟೆಜ್ ಅವರಿಗೂ ಘೋಷಿಸಿದರು. ಎರಡು ದೋಣಿಯಲ್ಲಿ ಕಾಲಿಟ್ಟರೂ ದಡ ಸೇರಿದವರು.

ಹೊಸಬ

ಎರಡು ದೋಣಿ ಎಂದಾಗ ನೆನಪಾಯಿತು. 2022ರ ಆಗಸ್ಟ್‌ನಲ್ಲಿ ಮಿಸ್ಸೂರಿಯ ಸೆನೆಟ್ ಪ್ರೈಮರಿಗೆ ಟ್ರಂಪ್ ‘ಎರಿಕ್’ ಅವರನ್ನು ಬೆಂಬಲಿಸುತ್ತೇನೆ ಎಂದು ಮಾತ್ರ ಘೋಷಿಸಿದರು. ಕಣದಲ್ಲಿ ಎರಿಕ್ ಗ್ರೈಟನ್ಸ್, ಎರಿಕ್ ಶ್ಮಿಟ್ ಇಬ್ಬರೂ ಇದ್ದರು. ಇಬ್ಬರೂ ಧನ್ಯವಾದ ಹೇಳಿದರು. ಶ್ಮಿಟ್ ಗೆದ್ದರು; ಟ್ರಂಪ್ ಅವರ ಗೆಲುವಿನ ಪಟ್ಟಿಗೆ ಇನ್ನೊಂದು ಸೇರಿತು. ಬೆಂಬಲಿಸಿದ ಅಭ್ಯರ್ಥಿಗಳಲ್ಲಿ ಇಷ್ಟು ಶೇಕಡಾ ಗೆದ್ದರು ಎಂಬ ಲೆಕ್ಕ ಕೇಳಿದಾಗಲೆಲ್ಲ ಇದನ್ನು ನೆನೆಸಿಕೊಳ್ಳುತ್ತೇನೆ. ಹೇಗೂ ಗೆಲ್ಲುವವರಿಗೆ ಹಿಂದಿನ ದಿನ ಬೆಂಬಲ ಘೋಷಿಸಿದರೆ ಲೆಕ್ಕ ಏರುತ್ತಲೇ ಇರುತ್ತದೆ.

ಬೆಳಗಾವಿ ಕುಂದಾ

ನಮ್ಮ ಜಿಲ್ಲೆಯವರ ಕಥೆಯನ್ನು ಯಾರೂ ಎತ್ತಲಿಲ್ಲವಲ್ಲ! ಶ್ರೀ ಥಾನೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. (ಮನೆಮಾತು ಮರಾಠಿ. ಗಡಿ ವಿವಾದವನ್ನು ಇಲ್ಲಿಗೆ ಎಳೆದು ತರಬೇಡಿ ಎಂದು ಮೊದಲೇ ಕೈಮುಗಿಯುತ್ತೇನೆ.) 1979ರಲ್ಲಿ ಓದಲು ಅಮೆರಿಕಕ್ಕೆ ಹೋಗಿ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಉದ್ಯಮದಲ್ಲಿ ಎದ್ದು ಬಿದ್ದು ಮತ್ತೆ ಎದ್ದವರು.

2018ರಲ್ಲಿ ಮಿಷಿಗನ್ ಗವರ್ನರ್ ಸ್ಥಾನದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮೂವರಿದ್ದರು. ಗ್ರೆಚೆನ್ ವಿಟ್ಮರ್ ಅವರಿಗೆ ರಾಜ್ಯದ ಪಕ್ಷ ಮತ್ತು ಕಾರ್ಮಿಕ ಸಂಘಗಳ ಬಲ. ಅಬ್ದುಲ್ ಎಲ್-ಸಯೀದ್ ಅವರಿಗೆ ಹೊರಗಿನ ಹೆಸರುಗಳ ಬಲ: ಬರ್ನಿ ಸ್ಯಾಂಡರ್ಸ್ ಬಂದರು, ಆಗಷ್ಟೇ ಕ್ರೌಲಿಯವರನ್ನು ಸೋಲಿಸಿ ದೇಶದಲ್ಲೆಲ್ಲ ಮನೆಮಾತಾಗಿದ್ದ ಒಕಾಸಿಯೊ-ಕಾರ್ಟೆಜ್ ಕೂಡ ಬಂದು ಸಭೆಗಳಲ್ಲಿ ಮಾತನಾಡಿದರು. ಥಾನೇದಾರ್ ಅವರಿಗೆ ಸ್ವಂತ ಜೇಬಿನ ಬಲ. ಹತ್ತಿರ ಹತ್ತಿರ ಒಂದು ಕೋಟಿ ಡಾಲರ್ ಅಥವಾ ಅದಕ್ಕೂ ಮಿಗಿಲು. ಫಲಿತಾಂಶ: ವಿಟ್ಮರ್ ಶೇ 52, ಎಲ್-ಸಯೀದ್ ಶೇ 30, ಥಾನೇದಾರ್ ಶೇ 18ರ ಆಸುಪಾಸು. ಅಂದರೆ ಹೊರಗಿನ ಹೆಸರೂ ದಡ ಮುಟ್ಟಿಸಲಿಲ್ಲ, ದುಡ್ಡೂ ಮುಟ್ಟಿಸಲಿಲ್ಲ.

2022ರಲ್ಲಿ ಡೆಟ್ರಾಯಿಟ್‌ನ 13ನೇ ಸಂಸತ್ ಕ್ಷೇತ್ರ. ಒಂಬತ್ತು ಅಭ್ಯರ್ಥಿಗಳು. ಕಪ್ಪು ಸಮುದಾಯದವರೊಬ್ಬರೇ ಆ ಸ್ಥಾನದಲ್ಲಿ ಮುಂದುವರಿಯಬೇಕೆಂದು ಸ್ಥಳೀಯ ನಾಯಕರ ಗುಂಪೊಂದು ರಾಜ್ಯ ಸೆನೆಟರ್ ಆ್ಯಡಂ ಹೋಲಿಯರ್ ಅವರ ಹಿಂದೆ ನಿಂತಿತು. ಇಸ್ರೇಲ್ ಪರ ಸಂಘಟನೆಯಾದ ಐಪ್ಯಾಕ್‌ನ ಚುನಾವಣಾ ನಿಧಿಯೂ ಹೋಲಿಯರ್ ಪರ 40 ಲಕ್ಷ ಡಾಲರಿಗೂ ಹೆಚ್ಚು ಸುರಿಯಿತು. ಥಾನೇದಾರ್ ಮತ್ತೆ ಸ್ವಂತ ದುಡ್ಡನ್ನೇ ಹಾಕಿದರು. ಶೇ 28ರಷ್ಟು ಮತ ಪಡೆದು ಗೆದ್ದುಬಿಟ್ಟರು! ಉಳಿದ ಮುಕ್ಕಾಲು ಪಾಲು ಎಂಟು ಜನರಲ್ಲಿ ಹರಿದು ಹಂಚಿಹೋಗಿತ್ತು. ಆ ಗೆಲುವಿನಿಂದಾಗಿ 1950ರ ದಶಕದ ನಂತರ ಮೊದಲ ಬಾರಿಗೆ ಡೆಟ್ರಾಯಿಟ್ ನಗರಕ್ಕೆ ಕಪ್ಪು ಸಂಸದರು ಇಲ್ಲದಂತಾಯಿತು. ನಮ್ಮ ಕಡೆಯವರು ಗೆದ್ದರು ಎಂದು ಇಲ್ಲಿ ಪೇಢೆ ಹಂಚಿದವರು ಆ ಊರಿನವರಿಗೆ ಅದು ಹೇಗೆ ಕಂಡಿತು ಎಂಬುದನ್ನೂ ಸ್ವಲ್ಪ ಯೋಚಿಸಬೇಕು.

ಕ್ವೀನ್ಸ್ ಗೃಹಿಣಿ

ಒಂಬತ್ತು ಜನರಲ್ಲಿ ಶೇ 28 ತೆಗೆದವರು ಗೆಲ್ಲುವುದೇ ನನಗೆ ಸರಿಕಾಣದ ವಿಷಯ. ನ್ಯೂಯಾರ್ಕ್ ನಗರದ ಪ್ರೈಮರಿಗಳಲ್ಲಿ 2021ರಿಂದ ಐವರವರೆಗೆ ಆದ್ಯತೆಯ ಕ್ರಮದಲ್ಲಿ ಗುರುತು ಹಾಕಬಹುದು. 2025ರ ಮೇಯರ್ ಪ್ರೈಮರಿಯಲ್ಲಿ ಇದು ಬೆಂಬಲದ ಅರ್ಥವನ್ನೇ ಬದಲಾಯಿಸಿತು. ಜೋಹ್ರಾನ್ ಮಮ್ದಾನಿ, ಬ್ರ್ಯಾಡ್ ಲ್ಯಾಂಡರ್ ಇಬ್ಬರೂ ಎದುರಾಳಿಗಳು. ಆದರೂ ‘ನನ್ನ ನಂತರ ಅವರಿಗೆ ಎರಡನೇ ಗುರುತು ಹಾಕಿ’ ಎಂದು ಪರಸ್ಪರ ಬೆಂಬಲ ಘೋಷಿಸಿಕೊಂಡರು. ಮಾಜಿ ಗವರ್ನರ್ ಆ್ಯಂಡ್ರ್ಯೂ ಕ್ವೋಮೊ ಕಡೆ ಬಿಲ್ ಕ್ಲಿಂಟನ್, ಮಾಜಿ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಮತ್ತು 2 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದ ನಿಧಿ. ಕೊನೆಯ ಸುತ್ತಿನಲ್ಲಿ ಮಮ್ದಾನಿ ಶೇ 56. ಮತ ಹಾಕಿದವರು ಹತ್ತು ಲಕ್ಷಕ್ಕೂ ಹೆಚ್ಚು. ಆದ್ದರಿಂದ ‘ಬಂಡಾಯದವರು ಗೆಲ್ಲುವುದು ಸಣ್ಣ ಮತದಾನದಲ್ಲಿ ಮಾತ್ರ’ ಎಂಬ ಅಂಕಿ ಶೆಟ್ಟಿಯವರ ಲೆಕ್ಕಕ್ಕೆ ಇಲ್ಲಿ ಉತ್ತರ ಬೇಕು.

ಅಂಕಿ ಶೆಟ್ಟಿ

‘ಮಾತ್ರ’ ಎಂದು ನಾನು ಎಲ್ಲೂ ಬರೆದಿಲ್ಲ, ಮೇಡಂ. ಮಮ್ದಾನಿ ಅವರದು ಬೇರೆ ಬಗೆ: ಅವರು ಹೊಸ ಮತದಾರರನ್ನು ಕರೆತಂದರು, ಮತಪಟ್ಟಿಯನ್ನೇ ದೊಡ್ಡದು ಮಾಡಿಕೊಂಡರು. ನಗರ ಸರ್ಕಾರ ಸಣ್ಣ ದೇಣಿಗೆಗೆ ಒಂದಕ್ಕೆ ಎಂಟರಷ್ಟು ಸೇರಿಸಿ ಕೊಡುವುದರಿಂದ ದೊಡ್ಡ ನಿಧಿಯ ಎದುರು ನಿಲ್ಲಲು ಆಗುತ್ತದೆ. ಸಂಸತ್ ಚುನಾವಣೆಗೆ ಆ ಅನುಕೂಲ ಇಲ್ಲ.

ಆದ್ದರಿಂದಲೇ 2024ರಲ್ಲಿ ಅದೇ ನಗರದ ಪಕ್ಕದಲ್ಲಿ ಏನಾಯಿತು ನೋಡಿ. 2020ರಲ್ಲಿ ಎಲಿಯಟ್ ಎಂಗಲ್ ಎಂಬ ಹಳೆಯ ಹುಲಿಯನ್ನು ಪ್ರೈಮರಿಯಲ್ಲಿ ಸೋಲಿಸಿ ಬಂದಿದ್ದ ಸಂಸದ ಜಮಾಲ್ ಬೋಮನ್ ಅವರ ವಿರುದ್ಧ ಐಪ್ಯಾಕ್‌ನ ನಿಧಿ 1.4 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಸದನದ ಪ್ರೈಮರಿಗಳ ಇತಿಹಾಸದಲ್ಲೇ ಅತಿ ದುಬಾರಿ ಎನಿಸಿಕೊಂಡ ಸ್ಪರ್ಧೆ. ಜಾರ್ಜ್ ಲ್ಯಾಟಿಮರ್ ಶೇ 58ಕ್ಕೂ ಹೆಚ್ಚು ಪಡೆದು ಗೆದ್ದರು. ಎರಡು ತಿಂಗಳೊಳಗೆ ಸೇಂಟ್ ಲೂಯಿಸ್‌ನಲ್ಲಿ ಸಂಸದೆ ಕೋರಿ ಬುಷ್ ಕೂಡ ಅದೇ ನಿಧಿಯ ಖರ್ಚಿನೆದುರು ಸೋತರು. ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಇಂಥ ಸ್ವತಂತ್ರ ಖರ್ಚಿಗೆ ಮಿತಿಯೇ ಇಲ್ಲ. ಅಭ್ಯರ್ಥಿಯ ಜೊತೆ ಸಮಾಲೋಚಿಸಬಾರದು ಎಂಬುದೊಂದೇ ಕಟ್ಟಳೆ. ಅದೂ ಎಷ್ಟು ಗಟ್ಟಿ ಎಂಬುದು ಎಲ್ಲರಿಗೂ ಗೊತ್ತು.

ಎಡಿಸನ್ ಕಟ್ಟೆ

ಶೆಟ್ಟರೇ, ಲ್ಯಾಟಿಮರ್ ಯಾರು? ಆಗ ವೆಸ್ಟ್‌ಚೆಸ್ಟರ್ ಕೌಂಟಿಯ ಮುಖ್ಯಸ್ಥರಾಗಿದ್ದವರು, ದಶಕಗಳಿಂದ ಆ ಭಾಗದಲ್ಲಿ ಗೆಲ್ಲುತ್ತಾ ಬಂದವರು. ದುಡ್ಡು ಬಂದದ್ದು ಊರು ಬಲ್ಲ ಮನುಷ್ಯನಿಗೆ. ಅದೇ ನಿಧಿ 2022ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸಮರ್ ಲೀ ವಿರುದ್ಧ ಲಕ್ಷಗಟ್ಟಲೆ ಸುರಿದಾಗ ಆಕೆ ಶೇ 1ಕ್ಕಿಂತ ಕಡಿಮೆ ಅಂತರದಲ್ಲಾದರೂ ಗೆದ್ದರು. ಎದುರಿಗಿದ್ದ ಸ್ಟೀವ್ ಅರ್ವಿನ್ ಅಷ್ಟು ಪರಿಚಿತರಾಗಿರಲಿಲ್ಲ. ಹೊರಗಿನ ದುಡ್ಡಿಗೆ ಊರಿನ ಮುಖ ಬೇಕು.

ಹೊಸಬ

ಇನ್ನೊಂದು ಬಗೆಯ ‘ಹೊರಗಿನ ಬೆಂಬಲ’ವನ್ನು ಯಾರೂ ಹೇಳಲಿಲ್ಲ: ಎದುರು ಪಕ್ಷದ್ದು! 2012ರಲ್ಲಿ ಮಿಸ್ಸೂರಿಯ ಡೆಮಾಕ್ರಟಿಕ್ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್ ಮರುಆಯ್ಕೆಗೆ ಕಷ್ಟಪಡುತ್ತಿದ್ದರು. ರಿಪಬ್ಲಿಕನ್ ಪ್ರೈಮರಿಯ ಮೂವರು ಪ್ರಮುಖರಲ್ಲಿ ಟಾಡ್ ಏಕಿನ್ ತಮಗೆ ಸುಲಭದ ತುತ್ತು ಎಂದು ಲೆಕ್ಕ ಹಾಕಿ, ‘ಏಕಿನ್ ವಿಪರೀತ ಸಂಪ್ರದಾಯವಾದಿ’ ಎಂಬ ಧಾಟಿಯ ಜಾಹೀರಾತುಗಳಿಗೆ 17 ಲಕ್ಷ ಡಾಲರ್ ಖರ್ಚು ಮಾಡಿದರು. ಬೈಗುಳದ ವೇಷದಲ್ಲಿ ಹೊಗಳಿಕೆ. ರಿಪಬ್ಲಿಕನ್ ಮತದಾರರಿಗೆ ಅದು ಶಿಫಾರಸಾಗಿಯೇ ಕೇಳಿಸಿತು. ಏಕಿನ್ ಪ್ರೈಮರಿ ಗೆದ್ದರು, ಅತ್ಯಾಚಾರದ ಬಗ್ಗೆ ಆಡಬಾರದ ಮಾತಾಡಿದರು, ನವೆಂಬರ್‌ನಲ್ಲಿ ಹದಿನೈದು ಅಂಶಗಳಿಂದ ಸೋತರು. ಇದನ್ನೆಲ್ಲ ಮೆಕ್ಯಾಸ್ಕಿಲ್ ಅವರೇ 2015ರಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡರು.

ರಿಚ್ಮಂಡ್ ನಿವಾಸಿ

ಅದನ್ನೇ 2022ರಲ್ಲಿ ಮಿಷಿಗನ್‌ನ 3ನೇ ಕ್ಷೇತ್ರದಲ್ಲಿ ಮಾಡಿದ್ದು ನನಗೆ ಇಂದಿಗೂ ಅಸಹ್ಯ. ಟ್ರಂಪ್ ವಿರುದ್ಧ ಮಹಾಭಿಯೋಗಕ್ಕೆ ಮತ ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ ಪೀಟರ್ ಮೈಯರ್ ಒಬ್ಬರು. ಅವರ ವಿರುದ್ಧ ನಿಂತ ಜಾನ್ ಗಿಬ್ಸ್ ಅವರಿಗೆ ಅನುಕೂಲವಾಗುವಂಥ ಜಾಹೀರಾತಿಗೆ ಡೆಮಾಕ್ರಟರ ಸಂಸದೀಯ ಪ್ರಚಾರ ಸಮಿತಿ 4 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಪ್ರಜಾಪ್ರಭುತ್ವಕ್ಕೆ ಅಪಾಯ ಎಂದು ಹಗಲೆಲ್ಲ ಭಾಷಣ, ರಾತ್ರಿ ಅದೇ ಅಪಾಯಕ್ಕೆ ಜಾಹೀರಾತು. ಮೈಯರ್ ಸೋತರು. ನವೆಂಬರ್‌ನಲ್ಲಿ ಡೆಮಾಕ್ರಟ್ ಹಿಲರಿ ಶೋಲ್ಟನ್ ಗೆದ್ದರು, ಲೆಕ್ಕ ಫಲಿಸಿತು. ಫಲಿಸದಿದ್ದರೆ?

ಕರಾವಳಿ ಹುಲ್ಲು

ಊರಿನ ಕಡೆಯೂ ಒಮ್ಮೆ ಇದರ ಪ್ರಯೋಗ ನಡೆದಿತ್ತು ಎಂಬುದು ಎಷ್ಟು ಜನಕ್ಕೆ ನೆನಪಿದೆ? 2014ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿಯವರ ಉತ್ಸಾಹದಲ್ಲಿ ಕಾಂಗ್ರೆಸ್ ದೇಶದ ಹದಿನೈದರಷ್ಟು ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಲು ಹೊರಟಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ನಮ್ಮ ದಕ್ಷಿಣ ಕನ್ನಡ. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು, ಸಾಮಾನ್ಯ ಮತದಾರರಲ್ಲ. ನಮ್ಮಲ್ಲಿ ಗೆದ್ದವರು ಜನಾರ್ದನ ಪೂಜಾರಿ, ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ. ಇಬ್ಬರೂ ಚುನಾವಣೆಯಲ್ಲಿ ಸೋತರು. ಒಬ್ಬರು ನಳಿನ್ ಕುಮಾರ್ ಕಟೀಲ್ ಅವರ ಎದುರು, ಇನ್ನೊಬ್ಬರು ಡಿ.ವಿ. ಸದಾನಂದ ಗೌಡರ ಎದುರು. ಆಮೇಲೆ ಆ ಪ್ರಯೋಗದ ಸುದ್ದಿ ಎತ್ತಿದವರಿಲ್ಲ.

ಆ ವರ್ಷ ಮೋದಿ ಅಲೆ ಇತ್ತು, ಪ್ರೈಮರಿಯ ಮೇಲೆ ಗೂಬೆ ಕೂರಿಸುವುದು ತಪ್ಪು. ಆದರೆ ಪದಾಧಿಕಾರಿಗಳೇ ಮತದಾರರಾದರೆ ಹೊಸಬರು ಎಲ್ಲಿಂದ ಬರಬೇಕು? ಪೂಜಾರಿಯವರು 1977ರಿಂದ ಆ ಕ್ಷೇತ್ರದಲ್ಲಿ ನಿಲ್ಲುತ್ತಿದ್ದವರು.

ಸೋಮಾರಿ ಮತದಾರ

ನಮ್ಮಲ್ಲಿ ಟಿಕೆಟ್ ಸಿಗದಿದ್ದರೆ ಪಕ್ಷೇತರರಾಗಿ ನಿಂತು ಸೇಡು ತೀರಿಸಿಕೊಳ್ಳುತ್ತಾರೆ. 2024ರಲ್ಲಿ ಶಿವಮೊಗ್ಗದಲ್ಲಿ ಈಶ್ವರಪ್ಪನವರು ನಿಂತರಲ್ಲ. ಅಲ್ಲಿ ಪ್ರೈಮರಿ ಸೋತವರು ಹೀಗೆ ಮಾಡುವುದಿಲ್ಲವೇ?

ಅಂಕಿ ಶೆಟ್ಟಿ

ಬಹುಪಾಲು ರಾಜ್ಯಗಳಲ್ಲಿ ಕಾನೂನು ಬಿಡುವುದಿಲ್ಲ; ಪ್ರೈಮರಿಯಲ್ಲಿ ಸೋತವರ ಹೆಸರು ಅದೇ ವರ್ಷದ ನವೆಂಬರ್ ಮತಪತ್ರದಲ್ಲಿ ಬರುವಂತಿಲ್ಲ. ಕನೆಟಿಕಟ್‌ನಲ್ಲಿ ಆ ತಡೆ ಇಲ್ಲ. 2006ರಲ್ಲಿ ಇರಾಕ್ ಯುದ್ಧದ ಸಿಟ್ಟಿನಲ್ಲಿ ಡೆಮಾಕ್ರಟರು ಜೋ ಲೀಬರ್ಮನ್ ಅವರನ್ನು ಬಿಟ್ಟು ನೆಡ್ ಲ್ಯಾಮಂಟ್ ಅವರನ್ನು ಆರಿಸಿದರು. ಲೀಬರ್ಮನ್ ಬೇರೆ ಪಕ್ಷದ ಹೆಸರಿನಲ್ಲಿ ನಿಂತು ಗೆದ್ದೇಬಿಟ್ಟರು.

2010ರ ಅಲಾಸ್ಕ ಇನ್ನೂ ಮಜವಾದದ್ದು. ಪೇಲಿನ್ ಮತ್ತು ಟೀ ಪಾರ್ಟಿ ಎಕ್ಸ್‌ಪ್ರೆಸ್ ಬೆಂಬಲಿಸಿದ ಜೋ ಮಿಲ್ಲರ್ ಎದುರು ಸೆನೆಟರ್ ಲಿಸಾ ಮರ್ಕೌಸ್ಕಿ ಪ್ರೈಮರಿ ಸೋತರು. ಮತಪತ್ರದಲ್ಲಿ ಹೆಸರಿಲ್ಲ. ಮತದಾರರೇ ಖಾಲಿ ಗೆರೆಯ ಮೇಲೆ ಕೈಯಾರೆ ಹೆಸರು ಬರೆಯಬೇಕು. ‘ಮರ್ಕೌಸ್ಕಿ’ಯ ಅಕ್ಷರಗಳನ್ನು ಜನರಿಗೆ ಕಲಿಸಲೆಂದೇ ಜಾಹೀರಾತು ಮಾಡಿದರು, ಕೈಗೆ ಕಟ್ಟುವ ಪಟ್ಟಿ ಹಂಚಿದರು. ಗೆದ್ದರು. 1954ರಲ್ಲಿ ಸ್ಟ್ರಾಮ್ ಥರ್ಮಂಡ್ ಗೆದ್ದ ಮೇಲೆ ಹೀಗೆ ಬರೆಸಿಕೊಂಡು ಸೆನೆಟ್ ಗೆದ್ದವರಲ್ಲಿ ಆಕೆಯೇ ಮೊದಲು. ಮುಂದೆ ಅಲಾಸ್ಕದ ಮತದಾರರು 2020ರಲ್ಲಿ ಪಕ್ಷವಾರು ಪ್ರೈಮರಿಯನ್ನೇ ತೆಗೆದು, ಎಲ್ಲರೂ ಒಂದೇ ಪ್ರೈಮರಿಯಲ್ಲಿ ಸ್ಪರ್ಧಿಸಿ ಮೊದಲ ನಾಲ್ವರು ಮುಂದೆ ಹೋಗುವ ಪದ್ಧತಿ ತಂದರು. 2022ರಲ್ಲಿ ಟ್ರಂಪ್ ಬೆಂಬಲಿತ ಎದುರಾಳಿಯನ್ನು ಮರ್ಕೌಸ್ಕಿ ಅದರಲ್ಲಿ ಸೋಲಿಸಿದರು.

ಎಡಿಸನ್ ಕಟ್ಟೆ

ಇಷ್ಟೆಲ್ಲ ಆದ ಮೇಲೆ ನಮ್ಮ ನ್ಯೂಜೆರ್ಸಿಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಇಲ್ಲಿ ಹೊರಗಿನವರ ಬೆಂಬಲದ ಅಬ್ಬರ ಕಡಿಮೆ. ಒಳಗಿನವರ ಬೆಂಬಲವನ್ನೇ ಮತಪತ್ರದಲ್ಲಿ ಅಚ್ಚು ಹಾಕುತ್ತಿದ್ದರು. ಹೆಚ್ಚಿನ ಕೌಂಟಿಗಳಲ್ಲಿ ಪಕ್ಷದ ಕೌಂಟಿ ಸಮಿತಿ ಒಪ್ಪಿದವರೆಲ್ಲ, ಸೆನೆಟರ್‌ನಿಂದ ಪಟ್ಟಣದ ಕೌನ್ಸಿಲರ್‌ವರೆಗೆ, ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತಿದ್ದರು. ಅದನ್ನು ‘ಲೈನ್’ ಎನ್ನುತ್ತಿದ್ದರು. ಉಳಿದವರು ಮೂಲೆಯ ಯಾವುದೋ ಕಂಬಸಾಲಿನಲ್ಲಿ, ನಡುವೆ ಖಾಲಿ ಚೌಕಗಳ ಆಚೆ. ಆ ಜಾಗಕ್ಕೆ ರಾಜಕಾರಣದವರು ಇಟ್ಟ ಹೆಸರು ಸೈಬೀರಿಯಾ.

2024ರ ಸೆನೆಟ್ ಚುನಾವಣೆಗೆ ಆಗಿನ ಗವರ್ನರ್ ಪತ್ನಿ ಟ್ಯಾಮಿ ಮರ್ಫಿ ನಿಂತಾಗ ದೊಡ್ಡ ಕೌಂಟಿಗಳ ಅಧ್ಯಕ್ಷರು ಸಾಲುಗಟ್ಟಿ ಬೆಂಬಲ ಘೋಷಿಸಿದರು. ಸಂಸದ ಆ್ಯಂಡಿ ಕಿಮ್ ಎರಡು ಕೆಲಸ ಮಾಡಿದರು. ಕೌಂಟಿ ಸಭೆಗಳಿಗೆ ಸ್ವತಃ ಹೋಗಿ, ಗುಪ್ತ ಮತದಾನ ಇದ್ದ ಕಡೆಗಳಲ್ಲಿ ಗೆಲ್ಲುತ್ತಾ ಬಂದರು. ಜೊತೆಗೆ ಈ ಪದ್ಧತಿಯ ವಿರುದ್ಧ ಫೆಡರಲ್ ನ್ಯಾಯಾಲಯಕ್ಕೆ ಹೋದರು. ಮಾರ್ಚ್ 24ರಂದು ಮರ್ಫಿ ಹಿಂದೆ ಸರಿದರು. 29ರಂದು ನ್ಯಾಯಾಧೀಶ ಜಾಹಿದ್ ಖುರೇಷಿ ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ‘ಲೈನ್’ ಬಳಸದಂತೆ ತಡೆ ಕೊಟ್ಟರು. ಮುಂದಿನ ವರ್ಷ ರಾಜ್ಯದ ಕಾನೂನೂ ಬದಲಾಯಿತು. ಈಗ ಒಂದು ಹುದ್ದೆಗೆ ನಿಂತವರೆಲ್ಲ ಒಂದೇ ಚೌಕದಲ್ಲಿ ಬರುತ್ತಾರೆ.

ರಿಚ್ಮಂಡ್ ನಿವಾಸಿ

ಹಾಗಾದರೆ ಗೆದ್ದವರು ಯಾರ ಬೆಂಬಲದಿಂದ, ಮತಪತ್ರದಲ್ಲಿ ಎಲ್ಲಿ ಅಚ್ಚಾಗಿದ್ದರಿಂದ ಎಂದು ಬಿಡಿಸಿ ಹೇಳುವುದು ಹೇಗೆ? ಇಷ್ಟು ವರ್ಷ ನಿಮ್ಮ ರಾಜ್ಯದಲ್ಲಿ ‘ಪಕ್ಷದ ಬೆಂಬಲ’ ಎಂದು ಎಣಿಸಿದ್ದರಲ್ಲಿ ಎಷ್ಟು ಪಾಲು ಮುದ್ರಣಾಲಯದ್ದು? ನಿಮ್ಮ ಗಂಡು ನೋಡುವ ಸಿದ್ಧಾಂತಕ್ಕೆ ಇದನ್ನೂ ಸೇರಿಸಿಕೊಳ್ಳಿ.

ಎಡಿಸನ್ ಕಟ್ಟೆ

ಸೇರಿಸಿಕೊಂಡರೆ ಸಿದ್ಧಾಂತ ಇನ್ನೂ ಗಟ್ಟಿಯಾಗುತ್ತದೆ. ಹೆಸರು ಗೊತ್ತಿಲ್ಲದ ಕೌನ್ಸಿಲರ್ ಹುದ್ದೆಗೆ ಜನ ಸಾಲು ನೋಡಿ ಒತ್ತುತ್ತಿದ್ದರು. ಕಿಮ್ ಮತ್ತು ಮರ್ಫಿ ಯಾರೆಂದು ಗೊತ್ತಾದ ಮೇಲೆ ಸಮೀಕ್ಷೆಗಳು ಸಾಲನ್ನು ಲೆಕ್ಕಿಸಲಿಲ್ಲ.

ಹೊಸಬ

ಒಂದು ಪ್ರಶ್ನೆ. ನಾನು ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಸ್ವಲ್ಪ ಕಾಲವಾಯಿತು, ಈಚೆಗಷ್ಟೇ ಪೌರತ್ವ ಸಿಕ್ಕಿದೆ. ಯಾವ ಪಕ್ಷಕ್ಕೂ ಹೆಸರು ಕೊಟ್ಟಿಲ್ಲ. ಪ್ರೈಮರಿಯಲ್ಲಿ ಮತ ಹಾಕಬಹುದೇ? ಹೆಂಡತಿಗೆ ಇನ್ನೂ ಗ್ರೀನ್ ಕಾರ್ಡ್. ಅವಳು ಯಾರಿಗಾದರೂ ದೇಣಿಗೆ ಕೊಡಬಹುದೇ?

ಎಡಿಸನ್ ಕಟ್ಟೆ

ಮತದಾರರ ಪಟ್ಟಿಯಲ್ಲಿ ಹೆಸರಿದ್ದು ಪಕ್ಷ ನಮೂದಾಗಿಲ್ಲದಿದ್ದರೆ ಪ್ರೈಮರಿ ದಿನ ಮತಗಟ್ಟೆಯಲ್ಲೇ ಪಕ್ಷ ಹೇಳಿ ಮತ ಹಾಕಬಹುದು. ಅಲ್ಲಿಗೆ ಆ ಪಕ್ಷದ ಮತದಾರ ಎಂದು ದಾಖಲಾಗುತ್ತೀರಿ. ಒಂದು ಪಕ್ಷದಿಂದ ಇನ್ನೊಂದಕ್ಕೆ ಬದಲಾಯಿಸುವವರು ಮಾತ್ರ 55 ದಿನ ಮೊದಲೇ ಅರ್ಜಿ ಕೊಡಬೇಕು. ಗ್ರೀನ್ ಕಾರ್ಡ್ ಇರುವವರು ಮತ ಹಾಕುವಂತಿಲ್ಲ, ಆದರೆ ಸ್ವಂತ ದುಡ್ಡಿನಿಂದ ದೇಣಿಗೆ ಕೊಡಬಹುದು. ಎಚ್-1ಬಿ ವೀಸಾದವರು ಒಂದು ಡಾಲರ್ ಕೂಡ ಕೊಡುವಂತಿಲ್ಲ. ಸಭೆಯಲ್ಲಿ ತಟ್ಟೆ ತಿರುಗಿಸುವಾಗ ಸಂಕೋಚಕ್ಕೆ ಹಾಕಿಬಿಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.